ಗಾಡಿ ‘ಟೋಟಲ್ ಲಾಸ್’ ಆದಾಗ ವಿಮೆ ಹಣದ ಲೆಕ್ಕ ಹೇಗೆ?

ಅಪಘಾತದಲ್ಲಿ ಕಾರು ನುಜ್ಜುಗುಜ್ಜಾಗಿದೆ. ಒಳಗಿದ್ದವರು ಹೇಗೋ ಪಾರಾಗಿದ್ದಾರೆ. ಎರಡು ಮೂರು ದಿನ ಬಿಟ್ಟು ಗ್ಯಾರೇಜಿನಿಂದ ಫೋನ್ ಬರುತ್ತದೆ: ‘ಸರ್, ಇದು ಟೋಟಲ್ ಲಾಸ್‌ಗೆ ಹೋಗ್ಬಹುದು, ಸರ್ವೇಯರ್ ಬಂದು ನೋಡ್ಲಿ.’ ರಿಪೇರಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲದಷ್ಟು ಗಾಡಿ ಹಾಳಾಗಿದೆ ಅಂತ ಇದರರ್ಥ. ಆಮೇಲೆ ಐಡಿವಿ, ಡಿಪ್ರಿಸಿಯೇಷನ್, ಸಾಲ್ವೇಜ್, ಎನ್ಒಸಿ ಅಂತ ಒಂದರ ಹಿಂದೆ ಒಂದು ಮಾತು ಶುರುವಾಗುತ್ತದೆ. ವರ್ಷವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿದವರಿಗೂ ಇವುಗಳ ಅರ್ಥ ಗೊತ್ತಿರುವುದಿಲ್ಲ. ತಿಳಿದುಕೊಳ್ಳುವ ಸಂದರ್ಭ ಬಂದಿರುವುದಿಲ್ಲ, ಅಷ್ಟೇ.

ಇಲ್ಲಿ ಎರಡು ಸಂಗತಿ ಮುಖ್ಯ. ಎಷ್ಟು ಹಣ ಬರುತ್ತದೆ ಎನ್ನುವುದು ಬಹುಪಾಲು ಪಾಲಿಸಿ ಮಾಡಿಸಿದ ದಿನವೇ ತೀರ್ಮಾನವಾಗಿರುತ್ತದೆ. ಇನ್ನೊಂದು, ಹಣ ಕೈಗೆ ಬಂದ ಮೇಲೂ ಆ ಗಾಡಿಯ ಹೊಣೆ ತಾನಾಗಿಯೇ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ.

ಮೊದಲು ಪಾಲಿಸಿ ತೆಗೆದು ನೋಡಿ

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಸಾವು, ನೋವು, ಆಸ್ತಿ ನಷ್ಟಕ್ಕೆ ಅದು ಪರಿಹಾರ ಕೊಡುತ್ತದೆ. ನಿಮ್ಮ ಗಾಡಿಯ ರಿಪೇರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಅದಕ್ಕೆ ಬೇಕಾಗಿರುವುದು ‘ಓನ್ ಡ್ಯಾಮೇಜ್’ ಎಂಬ ಇನ್ನೊಂದು ಭಾಗ. ಎರಡೂ ಸೇರಿದ್ದನ್ನೇ ನಾವು ‘ಫುಲ್ ಇನ್ಶೂರೆನ್ಸ್’ ಅನ್ನುವುದು.

ಇಲ್ಲಿ ತುಂಬಾ ಜನ ಎಡವುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಡುತ್ತಾರೆ. ಆದರೆ ಅದರ ಜೊತೆಗಿನ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ 1 ವರ್ಷಕ್ಕೇ ಮುಗಿಯುತ್ತದೆ. ‘ಮೂರು ವರ್ಷ ಇನ್ಶೂರೆನ್ಸ್ ಇದೆ’ ಅಂತ ನೆಮ್ಮದಿಯಿಂದ ಇದ್ದವರಿಗೆ ಅಪಘಾತದ ದಿನ ಗೊತ್ತಾಗುವುದು, ತಮ್ಮ ಕಾರಿಗೆ ಏನೂ ಇಲ್ಲ ಅಂತ. ಪಾಲಿಸಿಯಲ್ಲಿ ಈ ಎರಡು ಅವಧಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ. ಇವತ್ತೇ ನೋಡಿ ಇಟ್ಟುಕೊಳ್ಳಿ.

ಅಪಘಾತ ಆದ ಹೊತ್ತಿನಲ್ಲಿ

ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸುವುದು ಮೊದಲ ಕೆಲಸ. ಕಾಯ್ದೆಯ 134ನೇ ಸೆಕ್ಷನ್ ಇದನ್ನು ಚಾಲಕನ ಕರ್ತವ್ಯ ಎಂದೇ ಹೇಳುತ್ತದೆ. ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೂ ಕೂಡಲೇ ತಿಳಿಸಿ ಕ್ಲೇಮ್ ನಂಬರ್ ಪಡೆದುಕೊಳ್ಳಿ. ಗಾಡಿಯನ್ನು ಕದಲಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್, ರಸ್ತೆ, ಎದುರಿನ ಗಾಡಿ ಎಲ್ಲವೂ ಕಾಣಲಿ.

ಜೋರಾಗಿ ಗುದ್ದಿದ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ರೇಡಿಯೇಟರ್ ಒಡೆದಿರಬಹುದು, ಆಯಿಲ್ ಸೋರಿರಬಹುದು. ಹಾಗೇ ಓಡಿಸಿ ಇಂಜಿನ್ ಸೀಜ್ ಆದರೆ, ಅದು ಅಪಘಾತದ ಹಾನಿ ಅಲ್ಲ, ಆಮೇಲೆ ನೀವೇ ಮಾಡಿಕೊಂಡದ್ದು ಎಂದು ಕಂಪನಿ ಆ ಭಾಗವನ್ನು ತಳ್ಳಿಹಾಕುತ್ತದೆ. ಪಾಲಿಸಿಯ ಷರತ್ತಿನಲ್ಲೇ ಇದು ಇದೆ. ರಸ್ತೆ ಬದಿಯಲ್ಲಿ ಗಾಡಿಯನ್ನು ಕಾವಲಿಲ್ಲದೆ ಬಿಟ್ಟು ಹೋಗಬಾರದು ಎಂದೂ ಅದೇ ಷರತ್ತು ಹೇಳುತ್ತದೆ.

ಟೋಯಿಂಗ್ ಖರ್ಚಿನ ಬಗ್ಗೆಯೂ ಒಂದು ಮಾತು. ಸಾಮಾನ್ಯ ಪಾಲಿಸಿ ಕಾರಿಗೆ ಕೊಡುವುದು ಗರಿಷ್ಠ ₹1,500, ಬೈಕಿಗೆ ₹300. ಶಿರಾಡಿ ಘಾಟಿಯಲ್ಲಿ ಕೆಟ್ಟ ಗಾಡಿಯನ್ನು ಮಂಗಳೂರಿಗೋ ಹಾಸನಕ್ಕೋ ಎಳೆಸಿದರೆ ಆ ದುಡ್ಡು ಯಾವ ಮೂಲೆಗೂ ಸಾಲುವುದಿಲ್ಲ. ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬ ಹೆಚ್ಚುವರಿ ಸೌಲಭ್ಯ ತೆಗೆದುಕೊಂಡಿದ್ದರೆ ಮೊದಲು ಆ ನಂಬರಿಗೇ ಫೋನ್ ಮಾಡಿ.

ಯಾರಿಗಾದರೂ ಪೆಟ್ಟಾಗಿ ಕೇಸ್ ಆಗಿದ್ದರೆ ಗಾಡಿ ಪೊಲೀಸ್ ಠಾಣೆ ಸೇರುತ್ತದೆ. ಮೋಟಾರು ವಾಹನ ನಿರೀಕ್ಷಕರು ಬಂದು ಪರೀಕ್ಷೆ ಮಾಡುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.

ಐಡಿವಿ: ಎಲ್ಲಕ್ಕೂ ಮೂಲವಾದ ಅಂಕಿ

ಪಾಲಿಸಿಯ ಮೊದಲ ಪುಟದಲ್ಲೇ ಐಡಿವಿ ಎಂಬ ಮೊತ್ತ ಇರುತ್ತದೆ. ಈ ವರ್ಷಕ್ಕೆ ನಿಮ್ಮ ಗಾಡಿಯ ಬೆಲೆ ಇಷ್ಟು ಎಂದು ನೀವೂ ಕಂಪನಿಯೂ ಒಪ್ಪಿಕೊಂಡ ಅಂಕಿ ಅದು. ಮಾವಿನ ತೋಪು ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಇಡೀ ಫಸಲಿಗೆ ಇಷ್ಟು ಅಂತ ಗುತ್ತಿಗೆ ಮಾತಾಡುತ್ತಾನೆ ಅಲ್ವಾ? ಆಮೇಲೆ ಮಂಡಿಯಲ್ಲಿ ರೇಟು ಏರಲಿ, ಇಳಿಯಲಿ, ಆಡಿದ ಮಾತು ಆಡಿದ್ದೇ. ಐಡಿವಿಯೂ ಹಾಗೆಯೇ. ಅಪಘಾತದ ದಿನ ನಿಮ್ಮ ಕಾರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇತ್ತು ಎನ್ನುವ ಪ್ರಶ್ನೆ ಬರುವುದಿಲ್ಲ.

ಪಾಲಿಸಿ ಶುರುವಾಗುವಾಗ ಅದೇ ಮಾಡೆಲ್‌ಗೆ ತಯಾರಕರ ಪಟ್ಟಿಯಲ್ಲಿರುವ ಬೆಲೆಯಿಂದ ಗಾಡಿಯ ವಯಸ್ಸಿಗೆ ತಕ್ಕ ಸವಕಳಿ (ಡಿಪ್ರಿಸಿಯೇಷನ್) ಕಳೆದು ಈ ಅಂಕಿ ಹಾಕುತ್ತಾರೆ. 6 ತಿಂಗಳೊಳಗಿನ ಗಾಡಿಗೆ ಶೇ. 5 ಕಳೆಯುತ್ತಾರೆ, 1 ವರ್ಷದೊಳಗೆ ಶೇ. 15, 2 ವರ್ಷದೊಳಗೆ ಶೇ. 20, 3 ವರ್ಷದೊಳಗೆ ಶೇ. 30, 4 ವರ್ಷದೊಳಗೆ ಶೇ. 40, 5 ವರ್ಷದೊಳಗೆ ಶೇ. 50. ಅದಕ್ಕಿಂತ ಹಳೆಯದಾದರೆ ಇಬ್ಬರೂ ಮಾತಾಡಿ ಒಪ್ಪಿದ ಬೆಲೆ.

ಈ ಲೆಕ್ಕದಲ್ಲಿ ನೋಂದಣಿ ಶುಲ್ಕ, ರೋಡ್ ಟ್ಯಾಕ್ಸ್, ವಿಮೆಯ ಖರ್ಚು ಸೇರಿರುವುದಿಲ್ಲ. ಕರ್ನಾಟಕದಲ್ಲಿ ಇದು ಸಣ್ಣ ಮೊತ್ತ ಏನಲ್ಲ. ₹5 ಲಕ್ಷದಿಂದ ₹10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜೀವಿತಾವಧಿ ತೆರಿಗೆಯೇ ಶೇ. 14, ಮೇಲೆ ಸೆಸ್ ಬೇರೆ. ಈ ಕೊರತೆ ತುಂಬುವ ಹೆಚ್ಚುವರಿ ಸೌಲಭ್ಯಕ್ಕೆ ‘ರಿಟರ್ನ್ ಟು ಇನ್‌ವಾಯ್ಸ್’ ಎನ್ನುತ್ತಾರೆ. ಅದಿದ್ದರೆ ಟೋಟಲ್ ಲಾಸ್ ಆದಾಗ ಗಾಡಿ ಕೊಂಡ ಬಿಲ್ಲಿನ ಬೆಲೆ ಸಿಗುತ್ತದೆ. ತೆರಿಗೆ, ನೋಂದಣಿ ಸೇರುತ್ತವೆಯೋ ಇಲ್ಲವೋ ಎಂಬುದು ಆಯಾ ಕಂಪನಿಯ ಷರತ್ತಿನ ಮೇಲೆ ನಿಂತಿದೆ.

ಆನ್‌ಲೈನ್‌ನಲ್ಲಿ ರಿನ್ಯೂ ಮಾಡುವಾಗ ಐಡಿವಿಯನ್ನು ಕೆಳಕ್ಕೆ ಇಳಿಸಿದರೆ ಪ್ರೀಮಿಯಂ ಕಮ್ಮಿಯಾಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹಾಗೆ ಇಳಿಸುವವರು ಬಹಳ. ಗಾಡಿ ಪೂರ್ತಿ ಹೋದ ದಿನ ಆ ಇಳಿಕೆ ಲಕ್ಷಗಳಲ್ಲಿ ಎದುರಾಗುತ್ತದೆ.

ಸರ್ವೇಯರ್ ಯಾರು?

ಹಾನಿಯನ್ನು ಅಳೆದು ಕಂಪನಿಗೆ ವರದಿ ಕೊಡುವ ಪರವಾನಗಿ ಪಡೆದ ವ್ಯಕ್ತಿಯೇ ಸರ್ವೇಯರ್. ಗ್ಯಾರೇಜಿನವರು ಎಸ್ಟಿಮೇಟ್ ಹಾಕುತ್ತಾರೆ. ಸರ್ವೇಯರ್ ಅದರಲ್ಲಿ ಯಾವ ಭಾಗ ಬದಲಿಸಬೇಕು, ಯಾವುದು ರಿಪೇರಿಯಾಗುತ್ತದೆ, ಯಾವುದು ಈ ಅಪಘಾತದ ಹಾನಿಯೇ ಅಲ್ಲ ಎಂದು ಒಂದೊಂದೇ ಸಾಲು ತೀರ್ಮಾನಿಸುತ್ತಾರೆ. ಚಾಸಿ ಬಾಗಿದೆಯೇ, ಇಂಜಿನ್‌ಗೆ ಪೆಟ್ಟು ಬಿದ್ದಿದೆಯೇ ಎಂದು ಹೊರಗಿನಿಂದ ಗೊತ್ತಾಗದಿದ್ದರೆ ಗಾಡಿಯನ್ನು ಬಿಚ್ಚಿಸಿ ನೋಡುತ್ತಾರೆ.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಇದಕ್ಕೆ ಗಡುವು ಹಾಕಿದೆ. ಕ್ಲೇಮ್ ದಾಖಲಾದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು. 15 ದಿನದೊಳಗೆ ವರದಿ ಬರಬೇಕು. ವರದಿ ಬಂದ 7 ದಿನದೊಳಗೆ ಕಂಪನಿ ತನ್ನ ತೀರ್ಮಾನ ಹೇಳಬೇಕು. ತಿಂಗಳುಗಟ್ಟಲೆ ‘ಪ್ರೊಸೆಸ್‌ನಲ್ಲಿದೆ’ ಎಂಬ ಉತ್ತರ ಬರುತ್ತಿದ್ದರೆ ಈ ಗಡುವನ್ನು ಇಮೇಲಿನಲ್ಲಿ ಬರೆದು ಕೇಳಿ. ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಮುಂದೆ ತಕರಾರು ಬಂದರೆ ಅದೇ ಆಧಾರ.

ಗ್ಯಾರೇಜಿನವರ ಹತ್ತಿರವೂ ಮೊದಲೇ ಮಾತಾಡಿಕೊಳ್ಳಿ. ಗಾಡಿ ಅಲ್ಲಿ ರಿಪೇರಿ ಆಗದೇ ಟೋಟಲ್ ಲಾಸ್ ಆದರೆ ಕೆಲವರು ಎಸ್ಟಿಮೇಟ್ ಹಾಕಿದ್ದಕ್ಕೆ, ಬಿಚ್ಚಿದ್ದಕ್ಕೆ, ದಿನದ ಪಾರ್ಕಿಂಗ್‌ಗೆ ಅಂತ ಬಿಲ್ ಕೊಡುತ್ತಾರೆ. ಇದನ್ನು ಕಂಪನಿ ಕೊಡುತ್ತದೆ ಎಂಬ ಖಾತ್ರಿ ಇಲ್ಲ.

ಶೇ. 75ರ ಗೆರೆ

ಗಾಡಿಯನ್ನು ತಂದು ರಿಪೇರಿ ಮಾಡಿಸುವ ಖರ್ಚು, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಅದು ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’. ಅಂದರೆ ರಿಪೇರಿ ಸಾಧ್ಯ ಇದ್ದರೂ ಅದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ ಎಂಬ ಸ್ಥಿತಿ. ಆಗ ಕಂಪನಿ ಇಡೀ ಐಡಿವಿ ಕೊಟ್ಟು ಲೆಕ್ಕ ಮುಗಿಸುತ್ತದೆ.

ಗೊಂದಲ ಹುಟ್ಟುವುದು ‘ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತಿನಲ್ಲಿ. ಗ್ಯಾರೇಜಿನ ಎಸ್ಟಿಮೇಟ್ ಶೇ. 75 ದಾಟಿದ ಮಾತ್ರಕ್ಕೆ ಟೋಟಲ್ ಲಾಸ್ ಆಗಿಬಿಡುವುದಿಲ್ಲ. ಸಾಮಾನ್ಯವಾಗಿ ನೋಡುವುದು ಸರ್ವೇಯರ್ ಸವಕಳಿ ಕಳೆದು, ಕಂಪನಿ ಕೊಡಬೇಕಾದದ್ದು ಇಷ್ಟು ಎಂದು ಹಾಕಿದ ಮೊತ್ತವನ್ನು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಟ್ಟಿಯ ಬೆಲೆ ₹10 ಲಕ್ಷ ಇರುವ, 1,500 ಸಿಸಿ ಒಳಗಿನ ಕಾರು. ಪಾಲಿಸಿ ಶುರುವಾದಾಗ ಅದಕ್ಕೆ ಎರಡು ವರ್ಷ ದಾಟಿತ್ತು, ಮೂರು ತುಂಬಿರಲಿಲ್ಲ. ಶೇ. 30 ಕಳೆದು ಐಡಿವಿ ₹7 ಲಕ್ಷ. ಅದರ ಶೇ. 75 ಎಂದರೆ ₹5,25,000. ಗ್ಯಾರೇಜು ₹7.2 ಲಕ್ಷ ಎಸ್ಟಿಮೇಟ್ ಕೊಟ್ಟಿತು. ಸರ್ವೇಯರ್ ಎಲ್ಲಾ ಕಳೆದು ₹5.6 ಲಕ್ಷ ಹಾಕಿದರು. ಗೆರೆ ದಾಟಿತು, ಟೋಟಲ್ ಲಾಸ್. ಐಡಿವಿಯಲ್ಲಿ, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ಕಡ್ಡಾಯ ಕಡಿತ ₹1,000 ಹೋಗಿ ₹6,99,000 ಬರುತ್ತದೆ. 1,500 ಸಿಸಿ ಮೀರಿದ ಕಾರಾಗಿದ್ದರೆ ಕಡಿತ ₹2,000. ಬಿಡಿಭಾಗಗಳ ಸವಕಳಿಯನ್ನು ಐಡಿವಿಯಿಂದ ಮತ್ತೆ ಕಳೆಯುವ ಹಾಗಿಲ್ಲ.

ಅದೇ ಸರ್ವೇಯರ್ ₹5 ಲಕ್ಷ ಹಾಕಿದ್ದರೆ? ಆಗ ಟೋಟಲ್ ಲಾಸ್ ಇಲ್ಲ. ಗಾಡಿ ರಿಪೇರಿ ಆಗಬೇಕು, ಗ್ಯಾರೇಜ್ ಬಿಲ್ಲಿಗೂ ಆ ₹5 ಲಕ್ಷಕ್ಕೂ ನಡುವಿನ ವ್ಯತ್ಯಾಸ ನಿಮ್ಮ ಜೇಬಿನಿಂದ ಹೋಗಬೇಕು. ನನ್ನ ಪ್ರಕಾರ ಮಾಲೀಕರಿಗೆ ತೀರಾ ಕಷ್ಟದ ಜಾಗ ಇದೇ: ಗೆರೆಯ ಸ್ವಲ್ಪ ಕೆಳಗೆ ನಿಲ್ಲುವುದು.

ರಿಪೇರಿಯೇ ಆದರೆ ಕೈಯಿಂದ ಎಷ್ಟು?

ಹಳೆಯ ಭಾಗ ತೆಗೆದು ಹೊಸದು ಹಾಕುವಾಗ ಹೊಸದರ ಪೂರ್ತಿ ಬೆಲೆಯನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ರಬ್ಬರ್, ಪ್ಲಾಸ್ಟಿಕ್, ನೈಲಾನ್ ಭಾಗಗಳು, ಟೈರ್, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆಲ್ಲ ಅರ್ಧಕ್ಕರ್ಧ ಕಡಿತ. ಫೈಬರ್‌ಗ್ಲಾಸ್‌ಗೆ ಶೇ. 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: 6 ತಿಂಗಳವರೆಗೆ ಏನೂ ಇಲ್ಲ, ಆಮೇಲೆ ಏರುತ್ತಾ 10 ವರ್ಷ ದಾಟಿದ ಗಾಡಿಗೆ ಶೇ. 50. ಪೇಂಟಿಂಗ್‌ನಲ್ಲಿ ಬಣ್ಣದ ಬೆಲೆಗೆ ಮಾತ್ರ ಶೇ. 50. ಬಣ್ಣದ್ದೂ ಕೂಲಿಯದ್ದೂ ಒಟ್ಟಿಗೆ ಬಿಲ್ ಮಾಡಿದ್ದರೆ ಅದರ ಶೇ. 25 ಬಣ್ಣದ್ದು ಎಂದು ಹಿಡಿಯುತ್ತಾರೆ. ಕೂಲಿಗೆ ಕಡಿತವಿಲ್ಲ.

ಅದೇ ಕಾರಿಗೆ ₹4.5 ಲಕ್ಷದ ಸಣ್ಣ ಬಿಲ್ ಆಗಿದೆ ಅಂದುಕೊಳ್ಳಿ. ಗಾಡಿಗೆ ಇನ್ನೂ ಮೂರು ವರ್ಷ ತುಂಬಿಲ್ಲ. ಲೋಹದ ಭಾಗ ₹2 ಲಕ್ಷ, ಅದರಲ್ಲಿ ಶೇ. 15 ಅಂದರೆ ₹30,000 ಕಡಿತ. ಪ್ಲಾಸ್ಟಿಕ್, ಏರ್‌ಬ್ಯಾಗ್ ವಗೈರೆ ₹1.2 ಲಕ್ಷ, ಕಡಿತ ₹60,000. ಗಾಜು ₹30,000, ಕೂಲಿ ₹60,000, ಎರಡೂ ಪೂರ್ತಿ ಸಿಗುತ್ತವೆ. ಪೇಂಟಿಂಗ್ ₹40,000ರಲ್ಲಿ ಕಡಿತ ₹5,000. ಕಡ್ಡಾಯ ಕಡಿತ ₹1,000. ಒಟ್ಟು ₹96,000 ನೀವು ಕಟ್ಟಬೇಕು, ₹3,54,000 ಕಂಪನಿ ಕೊಡುತ್ತದೆ. ಆಯಿಲ್, ಕೂಲೆಂಟ್, ನಟ್ಟು ಬೋಲ್ಟುಗಳಂಥ ಖರ್ಚು ಇನ್ನೂ ಬೇರೆ.

ಈ ಸವಕಳಿಯನ್ನು ಇಲ್ಲವಾಗಿಸುವುದೇ ‘ಜೀರೋ ಡಿಪ್ರಿಸಿಯೇಷನ್’, ಜನರ ಬಾಯಲ್ಲಿ ‘ಬಂಪರ್ ಟು ಬಂಪರ್’. ಅದಿದ್ದರೆ ಕಂಪನಿ ಕೊಡಬೇಕಾದ ಮೊತ್ತ ಹೆಚ್ಚಾಗುವುದರಿಂದ ಶೇ. 75ರ ಗೆರೆಯನ್ನೂ ಬೇಗ ಮುಟ್ಟಬಹುದು.

ಸಾಲ ಇದ್ದರೆ ಮೊದಲ ಹಕ್ಕು ಬ್ಯಾಂಕಿಗೆ

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಟೋಟಲ್ ಲಾಸ್ ಹಣ ಮೊದಲು ಹೋಗುವುದು ಬ್ಯಾಂಕಿಗೆ. ಮೇಲಿನ ₹6,99,000ರ ಉದಾಹರಣೆಯಲ್ಲಿ ಸಾಲ ₹5,20,000 ಬಾಕಿ ಇದ್ದರೆ ನಿಮ್ಮ ಕೈಗೆ ಬರುವುದು ₹1,79,000. ಬಾಕಿ ₹7,60,000 ಇದ್ದರೆ ಗಾಡಿಯೂ ಇಲ್ಲ, ಮೇಲೆ ₹61,000 ಸಾಲವೂ ಉಳಿಯುತ್ತದೆ. ಕ್ಲೇಮ್ ನಡೆಯುತ್ತಿದೆ ಅಂತ ಇಎಂಐ ಕಟ್ಟುವುದನ್ನು ನಿಲ್ಲಿಸಬೇಡಿ. ಬ್ಯಾಂಕಿಗೆ ಅಪಘಾತದ ಸಂಬಂಧ ಇಲ್ಲ, ಕಂತು ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್‌ಗೂ ಪೆಟ್ಟು. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್ಒಸಿ (ತಕರಾರು ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಸಹಿ ಮಾಡಿದ ಫಾರ್ಮ್ 35 ಪಡೆಯುವುದನ್ನು ಮರೆಯಬೇಡಿ.

ಗುಜರಿ ಗಾಡಿ ಯಾರದು?

ಜನ ಹೆಚ್ಚು ಅಜಾಗರೂಕರಾಗಿರುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಟೋಟಲ್ ಲಾಸ್ ಆದ ಗಾಡಿಯ ಉಳಿಕೆಗೆ ‘ಸಾಲ್ವೇಜ್’ ಎನ್ನುತ್ತಾರೆ. ಇಲ್ಲಿ ಎರಡು ದಾರಿ. ಒಂದು, ಕಂಪನಿ ಪೂರ್ತಿ ಐಡಿವಿ ಕೊಡುತ್ತದೆ, ಉಳಿಕೆ ಅದಕ್ಕೆ ಸೇರುತ್ತದೆ. ಇನ್ನೊಂದು, ಉಳಿಕೆಯ ಬೆಲೆ ಕಳೆದು ಬಾಕಿ ಹಣ ಕೊಡುತ್ತದೆ, ಗಾಡಿ ನಿಮ್ಮ ಬಳಿಯೇ ಉಳಿಯುತ್ತದೆ. ಉಳಿಕೆಗೆ ₹1.8 ಲಕ್ಷ ಬೆಲೆ ಬಂದರೆ ₹6,99,000ರಲ್ಲಿ ಅದು ಹೋಗಿ ನಿಮಗೆ ₹5,19,000 ಸಿಗುತ್ತದೆ. ಹೆಚ್ಚಾಗಿ ಕಂಪನಿಯೇ ಹರಾಜಿನ ಮೂಲಕ ಬೆಲೆ ತರಿಸಿ, ಕೊಳ್ಳುವವನನ್ನೂ ತೋರಿಸಿ, ‘₹1.8 ಲಕ್ಷ ಅವನಿಂದ ತಗೊಳ್ಳಿ, ಉಳಿದದ್ದು ನಾವು ಕೊಡ್ತೀವಿ’ ಅನ್ನುತ್ತದೆ. ಒಟ್ಟು ಹಣ ಒಂದೇ ಆದ್ದರಿಂದ ಜನ ಒಪ್ಪಿಬಿಡುತ್ತಾರೆ.

ತೊಡಕು ಇರುವುದು ಆರ್‌ಸಿಯಲ್ಲಿ. ಗುಜರಿ ವ್ಯಾಪಾರಿ ಹೆಸರು ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಗಾಡಿ ಎಳೆದುಕೊಂಡು ಹೋಗುತ್ತಾನೆ. ನೋಂದಣಿ ಮಾತ್ರ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆ ಗಾಡಿಯನ್ನು ಹೇಗೋ ಎಬ್ಬಿಸಿ ನಿಲ್ಲಿಸಿ ಮಾರಿದರೆ, ಅಥವಾ ಅದರ ಚಾಸಿ ನಂಬರನ್ನು ಕದ್ದ ಕಾರಿಗೆ ಕೂರಿಸಿದರೆ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಅದು ಯಾರಿಗಾದರೂ ಗುದ್ದಿದರಂತೂ ಇನ್ನೂ ಕಷ್ಟ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕಾರು ಯಾವಾಗಲೋ ಮಾರಿಯಾಗಿತ್ತು ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಹಾಗಾಗಿ ಗಾಡಿ ಪೂರ್ತಿ ಹಾಳಾಗಿ ಮತ್ತೆ ರಸ್ತೆಗೆ ಇಳಿಯದು ಅಂತಾದರೆ ಆರ್‌ಸಿ ರದ್ದು ಮಾಡಿಸುವುದೇ ಸುರಕ್ಷಿತ. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಬಾಕಿ ದಂಡ, ಬ್ಯಾಂಕಿನ ಎನ್ಒಸಿ ಎಲ್ಲವೂ ಮುಗಿದಿರಬೇಕು. ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಒಂದು ಪಾಲು ವಾಪಸ್ ಸಿಗುತ್ತದೆಯೇ ಎಂದೂ ಅಲ್ಲೇ ಕೇಳಿ. ಆರ್‌ಸಿ ಸಮೇತ ಕೊಡಲೇಬೇಕು ಅಂತಾದರೆ ಹೆಸರು ವರ್ಗಾವಣೆ ಆಗುವವರೆಗೆ ಬೆನ್ನು ಬಿಡಬೇಡಿ. ಕೊಳ್ಳುವವರ ಗುರುತಿನ ಚೀಟಿ, ದಿನಾಂಕ ಸಮಯ ಬರೆದ ಡೆಲಿವರಿ ಪತ್ರ ಇಟ್ಟುಕೊಳ್ಳಿ. ಫಾರ್ಮ್‌ನಲ್ಲಿ ಯಾವ ಜಾಗವನ್ನೂ ಖಾಲಿ ಬಿಡಬೇಡಿ. ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿ.

ಕ್ಲೇಮ್ ಬಿದ್ದುಹೋಗುವುದು ಯಾಕೆ?

ಕುಡಿದು ಓಡಿಸಿದ್ದರೆ ಗಾಡಿಯ ಹಾನಿಗೆ ವಿಮೆ ಇಲ್ಲ. ಡಿಎಲ್ ಅವಧಿ ಮುಗಿದಿದ್ದರೂ ತೊಂದರೆ. ಮುಂಚೆ ಇದ್ದ 30 ದಿನದ ವಿನಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇದನ್ನು ಗಮನಿಸಬೇಕು. ಆರ್‌ಸಿ ನಿಮ್ಮ ಹೆಸರಿಗೆ ಬಂದರೆ ಥರ್ಡ್ ಪಾರ್ಟಿ ವಿಮೆ ತಾನಾಗಿ ಬರುತ್ತದೆ, ಓನ್ ಡ್ಯಾಮೇಜ್ ಬರುವುದಿಲ್ಲ. ಅದನ್ನು 14 ದಿನದೊಳಗೆ ಅರ್ಜಿ ಕೊಟ್ಟು ವರ್ಗಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ಹೆಸರಲ್ಲೇ ಪಾಲಿಸಿ ಇದ್ದಾಗ ಅಪಘಾತವಾದರೆ ಅವರಿಗೆ ಗಾಡಿ ಇಲ್ಲ, ನಿಮಗೆ ಪಾಲಿಸಿ ಇಲ್ಲ.

ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದ್ದರೂ ಕಂಪನಿ ನಿರಾಕರಿಸುತ್ತದೆ. ಆದರೆ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಬಳಕೆಯ ಷರತ್ತು ಮುರಿದ ಮಾತ್ರಕ್ಕೆ ಪೂರ್ತಿ ತಿರಸ್ಕರಿಸಬಾರದು, ‘ನಾನ್ ಸ್ಟ್ಯಾಂಡರ್ಡ್’ ಆಧಾರದ ಮೇಲೆ ಭಾಗಶಃ ಕೊಡಬೇಕು ಎಂದಿತು. ಅಲ್ಲಿಂದೀಚೆಗೆ ಇಂಥ ಕೆಲವು ಕ್ಲೇಮ್‌ಗಳಲ್ಲಿ ಶೇ. 75ರವರೆಗೆ ಸಿಗುವುದುಂಟು. ‘ರಿಜೆಕ್ಟ್’ ಎಂಬ ಪತ್ರ ಬಂದ ತಕ್ಷಣ ಕೈ ಚೆಲ್ಲಬೇಕಿಲ್ಲ.

ತಪ್ಪು ಎದುರಿನವರದಾದರೆ?

ಅವರ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಗಾಡಿಯ ಹಾನಿಗೆ ಪರಿಹಾರ ಕೇಳುವ ಹಕ್ಕು ಇದೆ. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಸಮಯ ಹಿಡಿಯುತ್ತದೆ. ಸಾಮಾನ್ಯ ಪಾಲಿಸಿಗಳಲ್ಲಿ ಕಾರಿಗೆ ಈ ಆಸ್ತಿ ನಷ್ಟದ ಮಿತಿ ₹7.5 ಲಕ್ಷ, ಬೈಕಿಗೆ ₹1 ಲಕ್ಷ. ಅದಕ್ಕೇ ಹೆಚ್ಚಿನವರು ತಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡುತ್ತಾರೆ. ಒಂದೇ ಹಾನಿಗೆ ಎರಡೂ ಕಡೆ ಹಣ ಪಡೆಯುವ ಹಾಗಿಲ್ಲ. ನಿಮ್ಮ ಪಾಲಿಸಿಯಲ್ಲಿ ಪಡೆದರೆ ಶೇ. 20ರಿಂದ 50ರವರೆಗೆ ಕೂಡಿಬಂದಿದ್ದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿಯುತ್ತದೆ.

ಗಾಡಿಯ ಲೆಕ್ಕದ ನಡುವೆ ಮನುಷ್ಯರ ಲೆಕ್ಕ ಮರೆತುಹೋಗಬಾರದು. ಮಾಲೀಕರೇ ಓಡಿಸುತ್ತಿದ್ದು ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ ₹15 ಲಕ್ಷದವರೆಗಿನ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಎಷ್ಟೋ ಮನೆಯವರು ದುಃಖದಲ್ಲಿ ಇದನ್ನು ಕೇಳುವುದೇ ಇಲ್ಲ. ಪಾಲಿಸಿಯಲ್ಲಿ ಆ ಸಾಲು ಇದೆಯೇ ಎಂದು ಅವರ ಪರವಾಗಿ ಯಾರಾದರೂ ನೋಡಬೇಕು.

ಒಪ್ಪಿಗೆ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಅದರ ಸಹಾಯವಾಣಿ 155255.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಅವರ ಆದೇಶಕ್ಕೆ ಕಂಪನಿ ಬದ್ಧ. ನಿಮಗೆ ಅದು ತೃಪ್ತಿ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಇನ್ನೂ ತೆರೆದಿರುತ್ತದೆ. ಅಲ್ಲಿ ದೂರು ಕೊಡಲು ಎರಡು ವರ್ಷದ ಕಾಲಾವಕಾಶ ಇದೆ. ಶುಲ್ಕ ಲೆಕ್ಕವಾಗುವುದು ಗಾಡಿಯ ಬೆಲೆಯ ಮೇಲಲ್ಲ, ನೀವು ಕಟ್ಟಿದ ಪ್ರೀಮಿಯಂ ಮೇಲೆ. ₹5 ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವೇ ಇಲ್ಲದ ಕಾರಣ ಕಾರು, ಬೈಕಿನ ಮಾಲೀಕರು ಅರ್ಜಿಗೆಂದು ಏನೂ ಕಟ್ಟಬೇಕಾಗಿ ಬರುವುದಿಲ್ಲ.